ಕಾಮಿತಾನಿಯಲ್ಲಿ ಇನ್ನೆರಡು ತಿಂಗಳು

ಮಕ್ಕಳು ಡಾಕ್ಟರಾಗಲಿ ಅಂತ ದೇವರಿಗೆ ಹರಕೆ ಹೊರದ ಅಪ್ಪ ಅಮ್ಮ ನಮ್ಮಲ್ಲಿ ಎಷ್ಟು ಜನ ಇದ್ದಾರೆ ಹೇಳಿ? ಡಾಕ್ಟರಾದ ಮೇಲೆ ಎಲ್ಲಿರಬೇಕು ಅಂತ ಅವರನ್ನೇ ಕೇಳಿ ನೋಡಿ. ದೊಡ್ಡ ಊರು, ದೊಡ್ಡ ಆಸ್ಪತ್ರೆ, ಮನೆಗೆ ಹತ್ತಿರ. ಹಾಗಾದರೆ ಬೆಟ್ಟದ ಮೇಲಿನ ಅಜ್ಜಿಗೆ ಉಸಿರು ಕಟ್ಟಿದರೆ ಯಾರು ನೋಡಬೇಕು? ಅಯ್ಯೋ, ಅದಕ್ಕೆ ಬೇರೆಯವರ ಮಕ್ಕಳಿದ್ದಾರಲ್ಲ!

ನಗೋಯಾದ ಅನಸೂಯಾ ಕೂಡ ಹೀಗೇ ಅಂದುಕೊಂಡಿದ್ದವಳು. ಕೆಟ್ಟವಳೇನಲ್ಲ. ಗಂಡ ರಾಮಪ್ರಸಾದ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಒಬ್ಬಳೇ ಮಗಳು ನಮ್ರತಾ. ಜಪಾನಿನಲ್ಲೇ ಬೆಳೆದು, ಜಪಾನಿ ಭಾಷೆಯಲ್ಲೇ ಡಾಕ್ಟರಿಕೆ ಓದಿ, ಈಗ ಹಿರೋಷಿಮಾದ ಒಂದು ದೊಡ್ಡ ಆಸ್ಪತ್ರೆಯಲ್ಲಿ ತರಬೇತಿಯ ಎರಡನೇ ವರ್ಷದಲ್ಲಿದ್ದಳು. ಈ ದೇಶದಲ್ಲಿ ಓದು ಮುಗಿಸಿದ ಡಾಕ್ಟರಿಗೆ ಎರಡು ವರ್ಷ ತರಬೇತಿ ಕಡ್ಡಾಯ. ಅದರಲ್ಲಿ ಕನಿಷ್ಠ ಒಂದು ತಿಂಗಳು ಸಣ್ಣ ಊರಿನ ಕ್ಲಿನಿಕ್ಕಿನಲ್ಲೋ ಚಿಕ್ಕ ಆಸ್ಪತ್ರೆಯಲ್ಲೋ ಕೆಲಸ ಮಾಡಬೇಕು. ನಮ್ರತಾಳಿಗೆ ಸಿಕ್ಕಿದ್ದು ಬೆಟ್ಟದ ಮೇಲಿನ ಒಂದು ಹಳ್ಳಿ. ಹೆಸರು ಕಾಮಿತಾನಿ ಅಂತ ಇಟ್ಟುಕೊಳ್ಳಿ. ಒಂದು ತಿಂಗಳು ತಾನೇ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತದೆ ಅಂತ ಅನಸೂಯಾ ದಿನ ಎಣಿಸುತ್ತಿದ್ದಳು.

ಮೂರನೇ ಶನಿವಾರ ಬೆಳಿಗ್ಗೆ ಮಗಳ ಫೋನ್ ಬಂತು.

"ಅಮ್ಮಾ, ಒಂದು ಡಿಸೈಡ್ ಮಾಡಿದೀನಿ. ಇಲ್ಲೇ ಇನ್ನೂ ಟೂ ಮಂಥ್ಸ್ ಇರ್ತೀನಿ. ನನಗೆ ಚಾಯ್ಸ್ ಇರೋ ಮಂಥ್ಸ್ ಇದೆಯಲ್ಲ, ಅದನ್ನ ಇಲ್ಲಿಗೇ ಹಾಕ್ತೀನಿ. ಫ್ರೈಡೇ ಒಳಗೆ ಫಾರಂ ಕೊಡಬೇಕು."

ಹೆಂಚಿನ ಮೇಲಿದ್ದ ದೋಸೆ ಸೀದು ಹೋಯಿತು. "ಯಾಕೇ? ಏನು ತಪ್ಪು ಮಾಡ್ದೆ? ಯಾವ ಪ್ರೊಫೆಸರಿಗೆ ಎದುರು ಮಾತಾಡ್ದೆ?"

"ತಪ್ಪಾ? ಅಮ್ಮಾ, ನಾನೇ ಕೇಳ್ಕೊಂಡಿದ್ದು!"

ಅನಸೂಯಾ ನಂಬಲಿಲ್ಲ. ಅವಳ ಅಪ್ಪ ಸರ್ಕಾರಿ ನೌಕರಿಯಲ್ಲಿದ್ದವರು. ಮೇಲಿನವರ ಮಾತು ಕೇಳದವರನ್ನು ನೀರು ನೆರಳಿಲ್ಲದ ಊರಿಗೆ ಎತ್ತಂಗಡಿ ಮಾಡುತ್ತಾರೆ ಅನ್ನುವುದನ್ನು ಅವಳು ಅ ಆ ಇ ಈ ಜೊತೆಗೇ ಕಲಿತವಳು. ಹಳ್ಳಿಗೆ ಹಾಕಿದರು ಅಂದರೆ ಶಿಕ್ಷೆ. ತಾನೇ ಕೇಳಿಕೊಂಡು ಯಾರಾದರೂ ಹೋಗುತ್ತಾರೆಯೇ? ಮಗಳು ಪಾಪ, ಅವಮಾನ ಮುಚ್ಚಿಡುತ್ತಿದ್ದಾಳೆ ಅಂತ ಅವಳು ತೀರ್ಮಾನಿಸಿದಳು.

"ರೀ, ಏನಾದ್ರೂ ಮಾಡಿ. ಹಾರ್ಟ್ ಸ್ಪೆಷಲಿಸ್ಟ್ ಆಗಬೇಕಾದ ಹುಡುಗಿ. ಅಲ್ಲೇ ಬೇರು ಬಿಟ್ಟರೆ ಗತಿ ಏನು?"

ರಾಮಪ್ರಸಾದ ಮೀಸೆ ನೇವರಿಸಿಕೊಂಡ. "ಇದಕ್ಯಾಕೆ ಇಷ್ಟು ಟೆನ್ಷನ್? ಎಲ್ಲಾ ಕಡೆ ಮನುಷ್ಯರೇ ತಾನೇ ಇರೋದು? ಹೋಗಿ ಒಂದು ಮಾತು ಹೇಳಿ ಬರೋಣ. ನೀನು ಮೈಸೂರು ಪಾಕ್ ಮಾಡು."

ನೋಡಿದಿರಾ? ಹದಿನೆಂಟು ವರ್ಷ ಜಪಾನಿನಲ್ಲಿದ್ದರೂ ವಶೀಲಿ ಮಾಡುವ ಬುದ್ಧಿ ಮಾತ್ರ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು! ಸೋಮವಾರ ರಜೆ ಹಾಕಿ ಗಂಡ ಹೆಂಡತಿ ಶಿಂಕಾನ್ಸೆನ್ ರೈಲು ಹತ್ತಿ ಹಿರೋಷಿಮಾಕ್ಕೆ ಹೋದರು. ಆಸ್ಪತ್ರೆಯ ತರಬೇತಿ ಕಚೇರಿಯಲ್ಲಿ ಒಗುರಾ-ಸಾನ್ ಎಂಬ ಹೆಂಗಸಿದ್ದರು. ರಾಮಪ್ರಸಾದ ಮೈಸೂರು ಪಾಕಿನ ಡಬ್ಬಿ ಎರಡೂ ಕೈಯಲ್ಲಿ ಕೊಟ್ಟು, ಮಗಳು ಊರಿನ ಹತ್ತಿರ ಇದ್ದರೆ ತಾಯಿಗೆ ಸಮಾಧಾನ, ಹಳ್ಳಿ ಸಾಕು, ಸ್ವಲ್ಪ ನೋಡಿಕೊಳ್ಳಿ ಅಂದ. ಒಗುರಾ-ಸಾನ್ ಎಲ್ಲವನ್ನೂ ಬರೆದುಕೊಂಡರು. ಲಿಫ್ಟಿನ ಬಾಗಿಲು ಮುಚ್ಚುವವರೆಗೆ ಬಗ್ಗಿ ನಮಸ್ಕಾರ ಮಾಡಿದರು.

"ಕೆಲಸ ಆಯ್ತು ಬಿಡು," ಅಂದ ರಾಮಪ್ರಸಾದ, ರೈಲಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಾ.

ಏನು ಕೆಲಸ ಆಯಿತು ಅಂತ ಮಂಗಳವಾರ ಸಂಜೆ ಗೊತ್ತಾಯಿತು.

"ಅಮ್ಮಾ, ನೀವಿಬ್ಬರೂ ಹಾಸ್ಪಿಟಲ್ಲಿಗೆ ಹೋಗಿದ್ರಾ?" ನಮ್ರತಾ ಕೇಳಿದಳು. "ಗಿಫ್ಟ್ ತಗೊಳ್ಳೋ ಹಾಗಿಲ್ಲ ಅಂತ ಮೈಸೂರು ಪಾಕ್ ಡಬ್ಬಿ ಕೊರಿಯರ್‌ನಲ್ಲಿ ಇಲ್ಲಿಗೆ ಬಂದಿದೆ. ಜೊತೆಗೆ ಸಾರಿ ಲೆಟರ್ ಬೇರೆ. ಒಗುರಾ-ಸಾನ್ ನನಗೆ ಇಲ್ಲಿ ಕಲಿಸೋ ತಾನಿಮೊತೊ ಸೆನ್ಸೇಗೆ ಫೋನ್ ಮಾಡಿ, ಫ್ಯಾಮಿಲಿಗೆ ಇಷ್ಟ ಇಲ್ವಂತೆ ಅಂದಿದಾರೆ. ಸೆನ್ಸೇ ನನ್ನ ಮುಂದೆ ತಲೆ ಬಗ್ಗಿಸಿ ಕ್ಷಮೆ ಕೇಳಿದ್ರು, ಅಮ್ಮಾ. ನಿಮ್ಮ ತಂದೆ ತಾಯಿಗೆ ಚಿಂತೆ ಕೊಟ್ಟುಬಿಟ್ಟೆ ಅಂತ. ಸೆವೆಂಟಿ ಒನ್ ಅವರಿಗೆ!"

ಅನಸೂಯಾಳ ಮುಖ ಕೆಂಪಾಯಿತು. ಎಪ್ಪತ್ತೊಂದು ವರ್ಷದ ಡಾಕ್ಟರು, ತನ್ನ ಮಗಳ ಗುರು, ತಲೆ ತಗ್ಗಿಸಿದ್ದು ತನ್ನಿಂದ.

"ನನ್ನ ಡಿಸಿಷನ್ ನಾನೇ ತಗೋಬಹುದು," ಅಂದಳು ನಮ್ರತಾ. "ಆದ್ರೆ ನಿನ್ನನ್ನ ಅಳಿಸಿ ಇಲ್ಲಿರೋಕೆ ನನ್ನ ಕೈಲಾಗಲ್ಲ. ಒಂದೇ ಒಂದು ದಿನ ಬಂದು ನೋಡು. ನೋಡಿದ ಮೇಲೂ ಬೇಡ ಅಂದ್ರೆ ಫಾರಂ ಹರಿದು ಹಾಕ್ತೀನಿ. ಪ್ರಾಮಿಸ್."

ಬುಧವಾರ ಬೆಳಿಗ್ಗೆ ಅನಸೂಯಾ ಗೆಳತಿ ಕಾತ್ಯಾಯಿನಿಯನ್ನು ಮನೆಗೆ ಕರೆದಳು. ಕಾತ್ಯಾಯಿನಿಯೂ ಡಾಕ್ಟರೇ. ಗಂಡನ ಸಂಶೋಧನೆಯ ಕೆಲಸಕ್ಕಾಗಿ ನಗೋಯಾ ಹತ್ತಿರದ ಒಕಾಜಾಕಿಗೆ ಬಂದವಳು, ಈಗ ತಾನೂ ಸಾರ್ವಜನಿಕ ಆರೋಗ್ಯದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಬಾಯಿಯೂ ಜೋರು, ಮನಸ್ಸೂ ದೊಡ್ಡದು.

"ನಿಜ ಹೇಳು ಕಾತ್ಯಾಯಿನಿ. ಎರಡು ತಿಂಗಳು ಜಾಸ್ತಿ ಇದ್ದರೆ ಇವಳು ಅಲ್ಲೇ ಉಳಿದುಬಿಡ್ತಾಳಾ?"

"ಉಳೀಬಹುದು."

ಅನಸೂಯಾ ಕಾಫಿ ಲೋಟ ಠಪ್ಪಂತ ಕುಕ್ಕಿದಳು. ಸಮಾಧಾನ ಹೇಳಲಿ ಅಂತ ಕರೆದರೆ ಇವಳು ಗಾಯಕ್ಕೆ ಉಪ್ಪು ಸವರುತ್ತಿದ್ದಾಳಲ್ಲ!

"ಅಕ್ಕ, ಸುಳ್ಳು ಹೇಳಿದರೆ ನಿಮಗೆ ಏನು ಲಾಭ? ತುಂಬಾ ದೇಶಗಳಲ್ಲಿ ಸ್ಟಡಿ ಮಾಡಿದಾರೆ. ಹಳ್ಳಿಯಲ್ಲಿ ತರಬೇತಿ ಪಡೆದವರು ಮುಂದೆ ಹಳ್ಳಿಯಲ್ಲೋ ಸಣ್ಣ ಊರಲ್ಲೋ ಕೆಲಸ ಮಾಡೋ ಸಾಧ್ಯತೆ ಜಾಸ್ತಿ. ತಾವೇ ಆರಿಸ್ಕೊಂಡು ಹೋದವರು, ಜಾಸ್ತಿ ದಿನ ಇದ್ದವರು, ಇನ್ನೂ ಜಾಸ್ತಿ. ಅದಕ್ಕೇ ತಾನೇ ಕಳಿಸೋದು! ಎಲ್ಲರೂ ಉಳೀತಾರೆ ಅಂತಲ್ಲ. ವಾಪಸ್ ಸಿಟಿಗೆ ಬಂದವರೂ ಬೇಕಾದಷ್ಟು ಜನ ಇದಾರೆ."

"ನೀನು ಉಳಿದ್ಯಾ?"

ಕಾತ್ಯಾಯಿನಿ ತನ್ನ ಲೋಟ ಕೆಳಗಿಟ್ಟಳು. "ಇಲ್ಲ. ನಾನು ಓಡಿ ಬಂದೋಳು. ಚಾಮರಾಜನಗರದ ಕಡೆ ಒಂದು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕಡ್ಡಾಯ ಸೇವೆ ಅಂತ ಹಾಕಿದ್ರು. ಕೇಳೋಕೆ ಒಬ್ಬ ಸೀನಿಯರ್ ಇರಲಿಲ್ಲ. ಇರೋಕೆ ಸರಿಯಾದ ಮನೆ ಇರಲಿಲ್ಲ. ಹೆರಿಗೆ ಕಷ್ಟ ಆದ್ರೂ ನಾನೊಬ್ಬಳೇ. ಒಂದು ವರ್ಷ ಮುಗಿದ ಮಾರನೇ ದಿನವೇ ಬಸ್ ಹತ್ತಿದೆ. ಹಾಗೆ ಒಬ್ಬರನ್ನೇ ತಳ್ಳಿದರೆ ಯಾರೂ ಉಳಿಯಲ್ಲ. ನಮ್ರತಾಗೆ ಮೇಲೆ ಯಾರಿದಾರೆ, ಎಲ್ಲಿ ಇರ್ತಾಳೆ, ಏನು ಕಲೀತಾಳೆ, ಅದನ್ನ ಕೇಳಿ. ಊರು ದೊಡ್ಡದೋ ಚಿಕ್ಕದೋ ಅನ್ನೋದನ್ನ ಆಮೇಲೆ ಕೇಳೋರಂತೆ."

"ಸ್ಪೆಷಲಿಸ್ಟ್ ಆಗೋದು ತಪ್ಪಿಹೋಗಲ್ವಾ?"

"ಎರಡು ತಿಂಗಳಿಗೆ ಏನೂ ತಪ್ಪಿಹೋಗಲ್ಲ. ಇಲ್ಲಿ ಎಲ್ಲಾ ಥರದ ರೋಗಿಗಳನ್ನ ನೋಡೋ ಡಾಕ್ಟರಿಗೂ ಸ್ಪೆಷಲಿಸ್ಟ್ ಟ್ರೈನಿಂಗ್ ಇದೆ. ನಡೀರಿ, ನಾಳೆ ನಾನೂ ಬರ್ತೀನಿ. ಕಣ್ಣಾರೆ ನೋಡಿ ಬೇಡ ಅನ್ನಿ, ನಾನೇ ನಿಮ್ಮ ಪರ ಮಾತಾಡ್ತೀನಿ."

ಗುರುವಾರ ಮುಂಜಾನೆ ಹೊರಟು, ಎರಡು ರೈಲು ಬದಲಾಯಿಸಿ, ಕೊನೆಗೆ ಒಂದೇ ಡಬ್ಬಿಯ ರೈಲಿನಲ್ಲಿ ಬೆಟ್ಟ ಹತ್ತಿದರು. ಸ್ಟೇಷನ್ನಿನಲ್ಲಿ ಟಿಕೆಟ್ ಕೇಳುವವರೂ ಇರಲಿಲ್ಲ. ಜಪಾನಿನಲ್ಲಿ ಬೀದಿ ಬೀದಿಗೂ ಇರುವ, ಹಗಲು ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿ ಕೂಡ ಕಾಣಲಿಲ್ಲ. ಮುಂದಿನ ರೈಲು ಮೂರು ಗಂಟೆ ಬಿಟ್ಟು ಅಂತಿದ್ದ ಬೋರ್ಡನ್ನು ಅನಸೂಯಾ ಎರಡೆರಡು ಸಲ ನೋಡಿದಳು. ಎತ್ತಂಗಡಿ ಅಲ್ಲದೆ ಇನ್ನೇನು ಇದು?

ನಮ್ರತಾ ಕ್ಲಿನಿಕ್ಕಿನ ಪುಟ್ಟ ಕಾರು ತಂದಿದ್ದಳು. ಬಿಸಿಲಿಗೆ ಸ್ವಲ್ಪ ಕಪ್ಪಾಗಿದ್ದಳು. ಆದರೆ ಆಸ್ಪತ್ರೆಯ ಮೊದಲ ವರ್ಷದಲ್ಲಿ ಕಣ್ಣ ಕೆಳಗೆ ಇಳಿದಿದ್ದ ಕಪ್ಪು ಇರಲಿಲ್ಲ. ಅದನ್ನು ತಾಯಿ ಮೊದಲು ನೋಡಿದಳು.

ಕ್ಲಿನಿಕ್ಕಿನ ಬಾಗಿಲಲ್ಲಿ ತಾನಿಮೊತೊ ಡಾಕ್ಟರು ನಿಂತಿದ್ದರು. ಅವರು ಬಗ್ಗುವ ಮೊದಲೇ ಅನಸೂಯಾ ಬಗ್ಗಿದಳು. "ಸುಮಿಮಾಸೆನ್, ಸುಮಿಮಾಸೆನ್." ತಪ್ಪಾಯಿತು ಅಂತ ಹೇಳಲು ಅವಳಿಗೆ ಅದೊಂದೇ ಪದ ನೆನಪಾಗಿದ್ದು. ಡಾಕ್ಟರು ನಕ್ಕು, ಮೈಸೂರು ಪಾಕ್ ಇಡೀ ಊರಿಗೆ ಹಂಚಿದೆವು, ಹಲ್ಲಿಲ್ಲದವರೂ ಚೀಪಿ ತಿಂದರು ಅಂದರು. ಕಾತ್ಯಾಯಿನಿ ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು.

"ನೀವು ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು?" ಅನಸೂಯಾ ಕೇಳಿಸಿದಳು.

"ಒಂದು ವರ್ಷಕ್ಕೆ ಅಂತ ಬಂದೆ. ತರಬೇತಿ ಮುಗಿದ ಹೊಸತು. ಆಗಿನ ಡಾಕ್ಟರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆ ಮನೆಗೆ ಕರೆದೊಯ್ದರು. ಈಗ ನಲವತ್ತೈದು ವರ್ಷವಾಗುತ್ತಾ ಬಂತು." ಅವರು ಕುರ್ಚಿಯ ಹಿಡಿಯನ್ನು ಸವರಿದರು. "ನನ್ನ ಮಂಡಿ ನೋವು ಜಾಸ್ತಿಯಾಗಿದೆ. ನನ್ನ ನಂತರ ಯಾರು ಅಂತ ಊರಿನವರು ಕೇಳುತ್ತಾರೆ. ಉತ್ತರ ನನಗೂ ಗೊತ್ತಿಲ್ಲ. ಆದರೆ ಅದನ್ನು ನಿಮ್ಮ ಮಗಳ ತಲೆಯ ಮೇಲೆ ಹೊರಿಸುವುದಿಲ್ಲ. ಅವಳು ಕಲಿತು ಹೋಗಲಿ, ಅಷ್ಟೇ ಸಾಕು."

ಕಾತ್ಯಾಯಿನಿ ಬಿಡುವವಳಲ್ಲ. ನಮ್ರತಾ ಉಳಿಯುವುದು ಎಲ್ಲಿ? ನರ್ಸಮ್ಮನ ಮನೆಯ ಪಕ್ಕದ ಕ್ವಾರ್ಟರ್ಸಿನಲ್ಲಿ. ಕಷ್ಟದ ಕೇಸು ಬಂದರೆ? ಹಿರೋಷಿಮಾದ ಡಾಕ್ಟರಿಗೆ ವಿಡಿಯೋ ಕರೆ, ಇಲ್ಲವೇ ಹೆಲಿಕಾಪ್ಟರು. ಒಬ್ಬಳೇ ನಿರ್ಧಾರ ಮಾಡಬೇಕಾ? ಇಲ್ಲ, ದಿನಾ ಸಂಜೆ ಡಾಕ್ಟರು ಅವಳ ಜೊತೆ ಕೂತು ಪ್ರತಿ ರೋಗಿಯ ಬಗ್ಗೆ ಮಾತಾಡುತ್ತಾರೆ. ಎಲ್ಲ ಕೇಳಿದ ಮೇಲೆ ಕಾತ್ಯಾಯಿನಿ ಅನಸೂಯಾಳ ಕಡೆ ತಿರುಗಿದಳು. "ಅಕ್ಕ, ಇದರಲ್ಲಿ ಅರ್ಧ ನನಗೆ ಅಲ್ಲಿ ಸಿಕ್ಕಿದ್ದಿದ್ದರೂ ನಾನು ಆ ಬಸ್ ಹತ್ತುತ್ತಿರಲಿಲ್ಲ," ಅಂದಳು.

ಆಮೇಲೆ ನಮ್ರತಾ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಒಬ್ಬ ಅಜ್ಜಿಯ ಮನೆಗೆ ಹೊರಟಳು. ಅಜ್ಜಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದಳು. ಹೆಸರು ಫುಜಿಎ-ಸಾನ್, ವಯಸ್ಸು ಎಂಬತ್ತಾರು. ಹೃದಯ ಸೋತಿದೆ, ಕಾಲಿಗೆ ನೀರು ತುಂಬುತ್ತದೆ. ನೀರು ಇಳಿಸುವ ಮಾತ್ರೆ ನುಂಗಬೇಕು.

ಮನೆಯೊಳಗೆ ನಮ್ರತಾ ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಮಂಡಿಯೂರಿ ಕೂತು, ಮೊದಲು ಅಜ್ಜಿಯ ಮೊಮ್ಮಗುವಿನ ಸಮಾಚಾರ ಕೇಳಿದಳು. ಆಮೇಲೆ, "ಫ್ರಿಜ್ ನೋಡಲಾ?" ಅಂದಳು. ಅನಸೂಯಾ ಹುಬ್ಬೇರಿಸಿದಳು. ಡಾಕ್ಟರು ಎದೆ ನೋಡಬೇಕು, ನಾಡಿ ನೋಡಬೇಕು, ಇವಳು ಫ್ರಿಜ್ ನೋಡುತ್ತಾಳಲ್ಲ! ನಮ್ರತಾ ಉಪ್ಪಿನಕಾಯಿ ಡಬ್ಬಿ ಎಷ್ಟು ಖಾಲಿಯಾಗಿದೆ ಅಂತ ನೋಡಿ, ಗೋಡೆಗೆ ನೇತು ಹಾಕಿದ್ದ ಮಾತ್ರೆಯ ಚೀಲಗಳನ್ನು ಎಣಿಸಿ, ಕೊನೆಗೆ ಅಜ್ಜಿಯ ಕಾಲು ಒತ್ತಿ ನೋಡಿದಳು. ಊತ ಇರಲಿಲ್ಲ. ಅವಳ ಮುಖ ಅರಳಿತು.

"ಅಮ್ಮಾ, ಇವರದೊಂದು ಸ್ಟೋರಿ ಹೇಳ್ತೀನಿ, ನಿಮ್ಮಿಬ್ಬರಿಗೂ ಹೇಳು ಅಂತ ಅಜ್ಜಿನೇ ಹೇಳಿದಾರೆ. ಕೆಳಗಿನ ಟೌನಿನ ಆಸ್ಪತ್ರೆಗೆ ತಿಂಗಳಿಗೆ ಎರಡು ಸಲ ಚೆಕಪ್‌ಗೆ ಹೋಗ್ತಿದ್ರು. ಪ್ರತಿ ಸಲ ಕಾಲು ಊದಿರ್ತಿತ್ತು. ಅಲ್ಲಿನವರು ಮಾತ್ರೆ ಜಾಸ್ತಿ ಮಾಡಿದ್ರು. ಇನ್ನೂ ಜಾಸ್ತಿ ಮಾಡಿದ್ರು. ಆಮೇಲೆ ಅಜ್ಜಿಗೆ ತಲೆ ಸುತ್ತಿ ಬಿದ್ದುಬಿಟ್ರು. ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಸೆನ್ಸೇ ನನಗೆ, ಅಜ್ಜಿ ಜೊತೆ ಬಸ್ಸಲ್ಲಿ ಒಂದು ಸಲ ಹೋಗಿ ಬಾ ಅಂದ್ರು."

"ಬಸ್ಸಲ್ಲಿ ಏನಿತ್ತು?"

"ಟಾಯ್ಲೆಟ್ ಇರಲಿಲ್ಲ! ಒಂದೂವರೆ ಗಂಟೆ ದಾರಿ. ಆ ಮಾತ್ರೆ ನುಂಗಿದರೆ ಪದೇ ಪದೇ ಹೋಗಬೇಕಲ್ಲ. ಅದಕ್ಕೆ ಆಸ್ಪತ್ರೆಗೆ ಹೋಗೋ ಎರಡು ದಿನ ಮುಂಚೆಯಿಂದಾನೇ ಅಜ್ಜಿ ಮಾತ್ರೆ ಬಿಟ್ಟುಬಿಡ್ತಿದ್ರು. ಅಲ್ಲಿ ಹೋದಾಗ ಕಾಲು ಊದಿರ್ತಿತ್ತು, ಮನೇಲಿ ಆ ಜಾಸ್ತಿ ಡೋಸ್ ನುಂಗಿದಾಗ ತಲೆ ಸುತ್ತಿತು. ಡಾಕ್ಟರ್ ಹತ್ರ ಹೇಳೋಕೆ ನಾಚಿಕೆ. ಸೆನ್ಸೇ ಡೋಸ್ ವಾಪಸ್ ಕಮ್ಮಿ ಮಾಡಿ, ಬಸ್ಸಿನ ದಿನ ಮಾತ್ರ ಮಾತ್ರೆ ಟೈಮ್ ಚೇಂಜ್ ಮಾಡಿದ್ರು. ಅಷ್ಟೇ. ಊತ ಹೋಯ್ತು."

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡ ಹಾಗಾಗಿತ್ತು. ಆದರೆ ಅನಸೂಯಾ ನಗಲಿಲ್ಲ. ಅವಳು ಸೆರಗಿನ ಅಂಚು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಮಗಳು ತಿರುಗಿ ನೋಡಿದಳು. ಆ ನೋಟ ಮಗಳದ್ದಲ್ಲ, ಡಾಕ್ಟರದ್ದು.

"ಅಮ್ಮಾ, ನಿನಗೂ ಬಿಪಿಗೆ ಅದೇ ಥರದ ಮಾತ್ರೆ ತಾನೇ ಕೊಟ್ಟಿರೋದು? ಇವತ್ತು ತಗೊಂಡ್ಯಾ?"

"ರೈಲಲ್ಲಿ... ಅಷ್ಟು ದೂರ... ಹೇಗೇ ತಗೊಳ್ಳೋದು?"

"ಸೋಮವಾರ?"

ಅನಸೂಯಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ನಗೋಯಾದಲ್ಲಿ ಪ್ರತಿ ತಿಂಗಳು ಅವಳನ್ನು ನೋಡುವ ಡಾಕ್ಟರು ಒಳ್ಳೆಯವರೇ. ಕಂಪ್ಯೂಟರ್ ನೋಡುತ್ತಾ, ಬಿಪಿ ಯಾಕೋ ಇಳಿಯುತ್ತಿಲ್ಲ ಅನ್ನುತ್ತಿದ್ದರು. ಕನ್ನಡ ಸಂಘದ ಕಾರ್ಯಕ್ರಮ, ದೇವಸ್ಥಾನ, ಶಾಪಿಂಗ್, ಹೊರಗೆ ಹೋಗುವ ದಿನವೆಲ್ಲ ಮಾತ್ರೆಗೆ ರಜೆ. ಮಾತ್ರೆ ದಿನಾ ನುಂಗುತ್ತೀರಾ ಅಂತ ಈ ತನಕ ಅವಳನ್ನು ಯಾರೂ ಕೇಳಿರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಕೇಳಿದಳು. ಆ ಪ್ರಶ್ನೆ ಕೇಳುವುದನ್ನು ಅವಳಿಗೆ ದೊಡ್ಡ ಆಸ್ಪತ್ರೆ ಕಲಿಸಿರಲಿಲ್ಲ, ಟಾಯ್ಲೆಟ್ ಇಲ್ಲದ ಬಸ್ಸು ಕಲಿಸಿತ್ತು.

"ನಿನ್ನಿಷ್ಟಕ್ಕೆ ಬಿಡೋ ಹಾಗಿಲ್ಲ, ಟೈಮ್ ಕೂಡ ನೀನೇ ಚೇಂಜ್ ಮಾಡೋ ಹಾಗಿಲ್ಲ. ನಿನ್ನ ಡಾಕ್ಟರ್ ಹತ್ರ ನಿಜ ಹೇಳು. ಅವರು ದಾರಿ ಹೇಳ್ತಾರೆ," ಅಂದಳು ನಮ್ರತಾ. ಬೈದ ಹಾಗೆಯೂ ಇತ್ತು, ಮುದ್ದು ಮಾಡಿದ ಹಾಗೆಯೂ ಇತ್ತು.

ಅಷ್ಟರಲ್ಲಿ ಫುಜಿಎ-ಸಾನ್ ಚಹಾ ಬಗ್ಗಿಸುತ್ತಾ ಏನೋ ಕೇಳಿದರು. ನಮ್ರತಾ ತುಟಿ ಕಚ್ಚಿಕೊಂಡಳು. ಕಾತ್ಯಾಯಿನಿ ಕನ್ನಡದಲ್ಲಿ ಹೇಳಿದಳು. "ಅಕ್ಕ, ಅಜ್ಜಿ ಕೇಳ್ತಿದಾರೆ, ನಮ್ಮ ಡಾಕ್ಟರನ್ನ ವಾಪಸ್ ಕರ್ಕೊಂಡು ಹೋಗೋಕೆ ಬಂದಿರೋ ಅಮ್ಮ ನೀವೇನಾ ಅಂತ."

ಊರಿಗೆಲ್ಲ ಗೊತ್ತಾಗಿತ್ತು! ಅಜ್ಜಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಕೇಳಬೇಕಾದ್ದನ್ನು ಕೇಳಿ, ಬಂದದ್ದನ್ನು ಒಪ್ಪಿಕೊಳ್ಳಲು ತಯಾರಾಗಿ ಕೂತಿದ್ದರು. ಎಷ್ಟು ಜನ ಎಳೆಯ ಡಾಕ್ಟರುಗಳು ಬಂದು, ತಿಂಗಳು ಮುಗಿಸಿ, ಬಗ್ಗಿ ನಮಸ್ಕಾರ ಮಾಡಿ ಹೋದದ್ದನ್ನು ಆಕೆ ನೋಡಿದ್ದರೋ.

ಅನಸೂಯಾ ಮಗಳನ್ನು ನೋಡಿದಳು. ಮಗಳು ನೆಲ ನೋಡುತ್ತಿದ್ದಳು. ಬೇಡ ಅಂದರೆ ಬೇಡ, ಮಾತು ಕೊಟ್ಟಾಗಿತ್ತು. ಎಲ್ಲವೂ ತನ್ನ ಒಂದು ಮಾತಿನ ಮೇಲೆ ನಿಂತಿದೆ ಅಂತ ಅನಸೂಯಾಳಿಗೆ ಗೊತ್ತಿತ್ತು. ಮಗಳು ದೂರ ಹೋಗಿಬಿಡುತ್ತಾಳೆ ಅನ್ನುವ ಭಯ ಆಗಲೂ ಹೋಗಿರಲಿಲ್ಲ. ಆ ಭಯ ಇಟ್ಟುಕೊಂಡೇ ಅವಳು ಮುಂದಕ್ಕೆ ಸರಿದು, ಅಜ್ಜಿಯ ಸುಕ್ಕುಗಟ್ಟಿದ ಎರಡೂ ಕೈ ಹಿಡಿದುಕೊಂಡಳು. ಜಪಾನಿ ಮಾತು ಒಂದೂ ಬಾಯಿಗೆ ಬರಲಿಲ್ಲ. ಕನ್ನಡದಲ್ಲೇ ಹೇಳಿದಳು.

"ಇಲ್ಲಮ್ಮಾ. ಕರ್ಕೊಂಡು ಹೋಗಲ್ಲ. ನನ್ನ ಮಗಳನ್ನ ನಿಮ್ಮ ಮಡಿಲಿಗೆ ಹಾಕಿದೀನಿ. ತಪ್ಪು ಮಾಡಿದರೆ ತಿದ್ದಿ, ಚೆನ್ನಾಗಿ ನೋಡ್ಕೊಳ್ಳಿ."

ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗ ಹೇಳುವ ಮಾತು. ಕಾತ್ಯಾಯಿನಿ ಅದನ್ನು ಜಪಾನಿಗೆ ತಿರುಗಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಬೇಕಾಗಿರಲಿಲ್ಲ. ಅಜ್ಜಿ ಆಗಲೇ ಹಣೆ ಚಾಪೆಗೆ ತಾಗುವಷ್ಟು ಬಗ್ಗಿದ್ದರು. ನಮ್ರತಾ ತಾನು ಡಾಕ್ಟರು ಅನ್ನುವುದನ್ನು ಮರೆತು ಅಮ್ಮನ ಹೆಗಲ ಮೇಲೆ ಮುಖವಿಟ್ಟು ಬಿಕ್ಕಿದಳು.

ರಾಮಪ್ರಸಾದನಿಗೆ ಸ್ಟೇಷನ್ನಿನಿಂದಲೇ ಫೋನ್ ಹೋಯಿತು. "ರೀ, ನಾಳೆ ಒಗುರಾ-ಸಾನ್‌ಗೆ ಫೋನ್ ಮಾಡಿ ತಪ್ಪಾಯ್ತು ಅನ್ನಿ. ನಮ್ಮ ಒಪ್ಪಿಗೆ ಇದೆ ಅನ್ನಿ."

"ಅಲ್ಲ ಅನು, ನೀನೇ ತಾನೇ ಬೇಡ ಅಂತ ಅತ್ತಿದ್ದು?"

"ಅತ್ತೆ. ಈಗ ಬೇಕು ಅಂತಿದೀನಿ. ಏನೀಗ?"

"ಅವಳು ಅಲ್ಲೇ ಸೆಟ್ಲ್ ಆಗಿಬಿಟ್ರೆ?"

"ಆಗಲಿ. ನಾವೇ ರೈಲು ಹತ್ತಿ ಹೋಗೋಣ. ನಮಗೇನು ಕಾಲಿಲ್ವಾ?"

ಶುಕ್ರವಾರ ಮಧ್ಯಾಹ್ನ ನಮ್ರತಾ ಸಹಿ ಮಾಡಿದ ಫಾರಂ ಆಸ್ಪತ್ರೆಗೆ ತಲುಪಿತು. ಅವಳು ಮುಂದೆ ಹಳ್ಳಿಯಲ್ಲೇ ನಿಲ್ಲುತ್ತಾಳೋ, ಹೃದಯದ ತಜ್ಞೆಯಾಗಿ ಸಿಟಿಗೆ ಬರುತ್ತಾಳೋ ಯಾರಿಗೂ ಗೊತ್ತಿಲ್ಲ. ಅವಳಿಗೇ ಗೊತ್ತಿಲ್ಲ. ಆದರೆ ಎಲ್ಲಿ ಕೂತರೂ ಎದುರಿನ ರೋಗಿ ಯಾವ ದಾರಿಯಲ್ಲಿ ಬಂದರು ಅಂತ ಕೇಳದೆ ಅವಳು ಇನ್ನು ಔಷಧಿ ಚೀಟಿ ಬರೆಯುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಜಪಾನಿನಲ್ಲಿರಿ, ಬೆಂಗಳೂರಿನಲ್ಲಿರಿ, ಮನೆಯಲ್ಲಿ ಡಾಕ್ಟರಿಕೆ ಓದುವ ಮಕ್ಕಳಿದ್ದರೆ ಈ ಮಾತು ನಿಮಗೇ. ಹಳ್ಳಿಯ ತರಬೇತಿ ಶಿಕ್ಷೆಯಲ್ಲ. ಅದನ್ನು ತಪ್ಪಿಸಲು ಯಾರ ಕೈಕಾಲೂ ಹಿಡಿಯಬೇಡಿ, ಯಾರ ಮೇಜಿನ ಮೇಲೂ ಡಬ್ಬಿ ಇಡಬೇಡಿ. ಕಲಿಸುವ ಹಿರಿಯ ಡಾಕ್ಟರು ಇದ್ದಾರಾ, ಇರಲು ಸುರಕ್ಷಿತ ಜಾಗ ಇದೆಯಾ ಅಂತ ಧೈರ್ಯವಾಗಿ ಕೇಳಿ. ಇಲ್ಲದಿದ್ದರೆ ಬೇಕೇ ಬೇಕು ಅಂತ ಮಕ್ಕಳ ಜೊತೆ ನಿಂತು ಹಟ ಹಿಡಿಯಿರಿ. ಇದ್ದರೆ ನಗುನಗುತ್ತಾ ಕಳಿಸಿ. ಡಾಕ್ಟರಾಗುತ್ತಿರುವ ತಂಗಿಯರೇ, ತಮ್ಮಂದಿರೇ, ಒಂದು ತಿಂಗಳು ಸಿಕ್ಕರೆ ಮೂರು ತಿಂಗಳು ಕೇಳಿ. ಮತ್ತೆ ನಿಮ್ಮ ಮಗುವೇ ಒಂದು ದಿನ ಫೋನ್ ಮಾಡಿ "ಅಮ್ಮಾ, ನಾನು ಹಳ್ಳಿಗೆ ಹೋಗ್ತೀನಿ" ಅಂದಾಗ, ಏನು ತಪ್ಪು ಮಾಡಿದೆ ಅಂತ ಕೇಳಬೇಡಿ ತಾಯಂದಿರೇ. ನಾನು ಯಾವತ್ತು ಬರಲಿ ನೋಡೋಕೆ ಅಂತ ಕೇಳಿ.